ಸ್ಟೂಲಿನ ಮೇಲೆ ಕೂತವರು

"ಎಲ್‌ಕೆಜಿ ಮಗೂನ ಕೇಳಿದ್ರೂ ಹೇಳುತ್ತೆ ಕಣ್ರೀ ಇದನ್ನ!"

ಲಾಂಡ್ರಿ ಯಜಮಾನರು ಮೂರು ವಿಮಾ ಕಂಪನಿಗಳ ದರಪಟ್ಟಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಬಡಿದಿಟ್ಟರು. ಲೋಟದಲ್ಲಿದ್ದ ನೀರು ತುಳುಕಿತು.

"ನೋಡಿ, ಇವನು ತಲೆಗೆ ಒಂಬೈನೂರು ಕೇಳ್ತಾನೆ. ಇವನು ಎಂಟುನೂರ ಐವತ್ತು. ಇವನು ನಾನೂರು. ಎಲ್ಲಾ ನನ್ನ ಕೆಲಸಗಾರರ ಆರೋಗ್ಯ ವಿಮೆಗೇ. ಇದರಲ್ಲಿ ಯಾವುದು ಅಗ್ಗ, ನೀವೇ ಹೇಳಿ."

"ನಾನೂರು," ಎಂದ ಜಿಗಣೆ.

"ಮತ್ತೆ? ಅಗ್ಗದ್ದು ತಗೊಂಡಿದ್ದು ನನ್ನ ಅಪರಾಧಾನಾ?"

ಜಿಗಣೆ ಹಲ್ಲು ಕಚ್ಚಿದ. ಇಷ್ಟು ದಿನ ಅಲೆದು ಅಲೆದು ಚಪ್ಪಲಿ ಸವೆಸಿದ್ದು ಈ ಪ್ರಶ್ನೆಗೆ ಉತ್ತರ ಕೊಡಲಾಗದೆ ನಿಲ್ಲುವುದಕ್ಕೇ? ಆರೋಗ್ಯ ವಿಮೆಯ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆ ಹಚ್ಚುವ ಕೆಲಸದಲ್ಲಿದ್ದಾಗ, ಕಚ್ಚಿದರೆ ಬಿಡುವ ಪೈಕಿಯಲ್ಲ ಎಂದು ಜೊತೆಯವರು ಅವನಿಗೆ ಇಟ್ಟ ಹೆಸರು ಜಿಗಣೆ. ಅವನು ನೌಕರಿ ಬಿಟ್ಟು ಸ್ವಂತ ಪತ್ತೇದಾರಿಗೆ ಇಳಿದ. ಹೆಸರು ಮಾತ್ರ ಅವನನ್ನು ಬಿಡಲಿಲ್ಲ.

ಈ ಲಾಂಡ್ರಿಯಲ್ಲಿ ಒಂದೇ ತಿಂಗಳಲ್ಲಿ ಒಂಬತ್ತು ಜನರ ಕೆಲಸ ಹೋಗಿತ್ತು. ಅವರಲ್ಲಿ ಎಂಟು ಜನ ಯಾವುದೋ ಕಾಯಿಲೆಗೆ ಔಷಧಿ ನುಂಗುತ್ತಿರುವವರು, ಒಂಬತ್ತನೆಯವಳು ಊರಲ್ಲಿರಲಿಲ್ಲ. ಆ ಎಂಟು ಜನ ಸೇರಿ ಜಿಗಣೆಗೆ ಈ ಕೇಸು ಒಪ್ಪಿಸಿದ್ದರು. ಕಾಯಿಲೆಯವರ ಗುಟ್ಟನ್ನು ಹೊರಗೆ ಬಿಟ್ಟವರು ಯಾರು ಎಂದು ಹುಡುಕುತ್ತಾ ಹೋದ ವಾರ ಲಾಂಡ್ರಿಯ ನರ್ಸಮ್ಮನ ಮೇಲೆ ಬೆರಳು ತೋರಿಸಿ ಜಿಗಣೆ ಚೆನ್ನಾಗಿ ಉಗಿಸಿಕೊಂಡಿದ್ದ.

"ಯಜಮಾನ್ರೇ, ವಿಮೆಯವರು ಬೆಲೆ ಹಾಕೋದು ಜನಾನ ನೋಡಿ. ಹೋದ ವರ್ಷ ಈ ಜನಕ್ಕೆ ಎಷ್ಟು ಖರ್ಚಾಯ್ತು, ಬರೋ ವರ್ಷ ಎಷ್ಟಾಗಬಹುದು ಅಂತ. ಜನಾನೂ ಅವರೇ, ಕಾಯಿಲೇನೂ ಅವೇ. ಇಬ್ಬರು ಒಂಬೈನೂರರ ಆಸುಪಾಸು ಕೇಳ್ತಾರೆ. ಮೂರನೆಯವನು ಅರ್ಧಕ್ಕಿಂತ ಕಮ್ಮಿ. ಯಾಕೆ? ಅವನೇನು ನಿಮ್ಮ ಅಳಿಯಾನಾ?"

ಯಜಮಾನರು ಕುರ್ಚಿಯಲ್ಲಿ ಮಿಸುಕಾಡಿದರು.

"ಅವನು ಒಂದು ಮಾತು ಹೇಳಿದ್ದ. ಈ ಸಲ ಗುತ್ತಿಗೆ ಮುಂದುವರಿಸೋವಾಗ ಸ್ವಲ್ಪ ಭಾರ ಇಳಿಸ್ಕೊಳ್ಳಿ ಅಂತ. ಕೆಲಸದಲ್ಲಿ ನಿಧಾನ ಇರೋರು ಇಂಥಿಂಥವರು ಅಂತ ಅವನೇ ಹೇಳಿದ."

"ಹೊರಗಿನ ಏಜೆಂಟು. ನಿಮ್ಮ ಲಾಂಡ್ರಿ ಒಳಗೆ ಯಾರು ನಿಧಾನ, ಯಾರು ಚುರುಕು ಅಂತ ಅವನಿಗೆ ಹೇಗೆ ಗೊತ್ತಾಯ್ತು?"

ಯಜಮಾನರು ಮೂರನೆಯ ದರಪಟ್ಟಿಯನ್ನು ತಿರುಗಿಸಿ ನೋಡಿದರು. ಈ ಮನುಷ್ಯ ಅದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸುವ ಅಗತ್ಯವೂ ಬಂದಿರಲಿಲ್ಲ, ನಾನೂರು ಎಂಬ ಅಂಕಿ ಅಷ್ಟು ಮುದ್ದಾಗಿತ್ತು.

"ಒಳಗೆ ಬಂದಿದ್ನಾ?"

"ಛೆ ಛೆ! ಆಸ್ಪತ್ರೆ ಬಟ್ಟೆ ಒಗೆಯೋ ಜಾಗ. ಹೊರಗಿನವರ ಕಾಲು ಒಳಗೆ ಬಿದ್ರೆ ಆಸ್ಪತ್ರೆಯವರು ನನ್ನ ಗುತ್ತಿಗೇನೇ ಕಿತ್ತು ಹಾಕ್ತಾರೆ. ಈಗ ನೀವು ಕೂತಿದ್ದೀರಲ್ಲ, ಅದೇ ಕುರ್ಚಿಲಿ ಕೂತು ನೀರು ಕುಡಿದು ಹೋದ."

"ಹಾಗಾದ್ರೆ ಒಳಗಿನವರೇ ಯಾರೋ ಹೇಳಿದ್ದಾರೆ."

"ಹೇಳಿದ್ರೆ ಹೇಳಿರಲಿ! ನಾನು ಯಾರನ್ನೂ ಹೊಡೆದು ಓಡಿಸಿಲ್ಲ. ಗುತ್ತಿಗೆ ಮುಗೀತು, ಮುಂದುವರಿಸಲಿಲ್ಲ, ಅಷ್ಟೇ. ಯಾವ ಕೋರ್ಟಿಗೆ ಹೋದ್ರೂ ಇದೇ ಮಾತು."

ಇದೇ ಜಿಗಣೆಯ ಹೊಟ್ಟೆ ಉರಿಸುತ್ತಿದ್ದುದು. ಯಜಮಾನ ಅಗ್ಗದ್ದನ್ನು ಆರಿಸಿದ, ಸೂಪರ್‌ವೈಸರ್ ಹೇಳಿದಲ್ಲಿ ಸಹಿ ಹಾಕಿದ, ಏಜೆಂಟ್ ಸಲಹೆ ಕೊಟ್ಟ. ಒಂಬತ್ತು ಮನೆಗಳ ಒಲೆ ಆರಿದೆ, ಎಲ್ಲರ ಕೈಯೂ ಸೋಪಿನಲ್ಲಿ ತೊಳೆದ ಹಾಗೆ ಶುದ್ಧವಾಗಿದೆ.

ಅಂಗಳಕ್ಕೆ ಬಂದರೆ ಅಲ್ಲೂ ನೆಮ್ಮದಿಯಿಲ್ಲ. ನರ್ಸಮ್ಮ ಅವನನ್ನು ಕಂಡದ್ದೇ ಕಿಟಕಿಯನ್ನು ಧಡಾರನೆ ಮುಚ್ಚಿದಳು. ಬಟ್ಟೆಯ ಗಾಡಿ ತಳ್ಳುತ್ತಿದ್ದವನೊಬ್ಬ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಣ್ಣಾ, ಕೈ ಮುಗೀತೀನಿ, ಇದನ್ನ ಕೆದಕಬೇಡಿ. ವಿಮೆ ದುಡ್ಡಲ್ಲಿ ಅರ್ಧ ನಮ್ಮ ಸಂಬಳದಲ್ಲೇ ಹಿಡೀತಾರೆ. ಈ ತಿಂಗಳು ಕಡಿತ ಕಮ್ಮಿ ಆಗಿದೆ. ಮಗಳ ಫೀಸ್ ಕಟ್ಟಿದೆ," ಎಂದ.

"ಹೋದ ಒಂಬತ್ತು ಜನ ನಿನ್ನ ಜೊತೆಯವರಲ್ವಾ?"

"ಅದಕ್ಕೇ ರಾತ್ರಿ ನಿದ್ದೆ ಬರಲ್ಲ ಅಣ್ಣ," ಎಂದು ಅವನು ಗಾಡಿ ತಳ್ಳಿಕೊಂಡು ಹೋದ. ಅವನನ್ನು ಬೈಯಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಜಿಗಣೆ ಗೇಟಿನತ್ತ ಕಾಲು ಹಾಕಿದ.

ಗೇಟಿನೆದುರಿನ ಟೀ ಅಂಗಡಿಯಲ್ಲಿ ಒಬ್ಬ ಹೆಂಗಸು ಬೆಂಚಿನ ತುಂಬ ಕೂತು, ಅಂಗಡಿಯವನಿಗೆ ಟೀ ಮಾಡುವುದು ಹೇಗೆಂದು ಪಾಠ ಹೇಳುತ್ತಿದ್ದಳು. ಅವಳೇ ಗಟ್ಟಿಗಿತ್ತಿ, ಕೆಲಸ ಹೋದವರಲ್ಲಿ ಒಂಬತ್ತನೆಯವಳು. ಮಗಳ ಬಾಣಂತನಕ್ಕೆ ಹೋಗಿದ್ದವಳು ಆ ಬೆಳಿಗ್ಗೆಯಷ್ಟೇ ವಾಪಸ್ಸು ಬಂದಿದ್ದಳು.

"ನಿಮಗಾಗೇ ಕಾಯ್ತಿದ್ದೆ. ಕೂತ್ಕೊಳ್ಳಿ," ಎಂದಳು. "ನನ್ನ ಕೆಲಸ ಯಾಕೆ ಹೋಯ್ತು, ಹೇಳಿ."

"ನಾನೇ ಅದನ್ನ ಕೇಳೋಣ ಅಂತಿದ್ದೆ. ತಪ್ಪು ತಿಳ್ಕೋಬೇಡಿ, ನಿಮಗಿರೋ ಕಾಯಿಲೆ ಏನು? ಸಕ್ಕರೆನಾ, ರಕ್ತದೊತ್ತಡಾನಾ?"

ಗಟ್ಟಿಗಿತ್ತಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಕಾಯಿಲೆನಾ? ನನಗಾ? ಕಲ್ಲು ತಿಂದ್ರೂ ಕರಗಿಸ್ತೀನಿ ರೀ ನಾನು! ಮದುವೆಯಾದಾಗಿಂದ ಒಂದು ಮಾತ್ರೆ ನುಂಗಿಲ್ಲ. ಬೇಕಾದ್ರೆ ನಮ್ಮ ಮನೆಯವರನ್ನ ಕೇಳಿ, ಪಾಪ, ನನ್ನ ಕೈ ಏಟಿಗೆ ಅವರೇ ಮಾತ್ರೆ ನುಂಗಿದ್ದಾರೆ."

ಟೀ ಅಂಗಡಿಯವನು ನಕ್ಕ. ಜಿಗಣೆಗೆ ನಗು ಬರಲಿಲ್ಲ. ಇಷ್ಟು ದಿನ ಕಟ್ಟಿಕೊಂಡು ಬಂದ ಲೆಕ್ಕವೆಲ್ಲ ಅವನ ಕಣ್ಣೆದುರಿಗೇ ಕುಸಿದು ಬಿತ್ತು.

"ಒಂದು ತಲೆನೋವೂ ಇಲ್ವಾ?" ಎಂದು ಅವನು ಬೇಡಿಕೊಳ್ಳುವವನಂತೆ ಕೇಳಿದ.

"ನೀವು ಹೀಗೆ ಕೇಳ್ತಾ ಇದ್ರೆ ಬರಬಹುದು."

ಜಿಗಣೆ ಬೆಂಚಿನ ಮೇಲೆ ದೊಪ್ಪನೆ ಕೂತ. ಎಂಟು ರೋಗಿಗಳು, ಒಬ್ಬಳು ಗುಂಡುಕಲ್ಲು. ಕಾಯಿಲೆಯ ಗುಟ್ಟು ಹೊರಬಿದ್ದಿದ್ದರೆ ಈ ಹೆಂಗಸು ಆ ಗುಂಪಿಗೆ ಸೇರಿದ್ದು ಹೇಗೆ? ನರ್ಸಮ್ಮ ಹೇಳಿದ್ದರೆ ಇಂಥ ತಪ್ಪು ಆಗುತ್ತಲೇ ಇರಲಿಲ್ಲ. ಅವಳಿಗೆ ಪ್ರತಿಯೊಬ್ಬರ ಮೈಯೂ ಗೊತ್ತು. ಛೆ, ಅವಳ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು ಎಂದುಕೊಂಡ.

"ಒಳಗೆ ಆ ಎಂಟು ಜನ ಎಲ್ಲಿ ಕೆಲಸ ಮಾಡ್ತಿದ್ರು?"

"ಮಡಿಸೋ ಮೇಜಿನ ಹತ್ರ. ಸ್ಟೂಲಿನ ಮೇಲೆ."

"ಸ್ಟೂಲಾ?"

ಗಟ್ಟಿಗಿತ್ತಿ ಸುತ್ತ ನೋಡಿ ದನಿ ತಗ್ಗಿಸಿದಳು. "ಅದು ನಮ್ಮ ನಮ್ಮಲ್ಲೇ ಇರೋ ಏರ್ಪಾಡು. ಲಾಂಡ್ರೀಲಿ ಎಲ್ಲಾ ನಿಂತೇ ಕೆಲಸ ಮಾಡ್ಬೇಕು. ಆದ್ರೆ ಪಾಪ, ಕೆಲವರ ಕೈಲಾಗಲ್ಲ. ಯಾರಿಗಾದ್ರೂ ಕಾಯಿಲೆ ಅಂತ ಗೊತ್ತಾದ್ರೆ ನಾವೇ ಅವರ ಇಸ್ತ್ರಿ ಕೆಲಸ ಹಂಚಿಕೊಂಡು, ಅವರನ್ನ ಮಡಿಸೋ ಮೇಜಿಗೆ ಕಳಿಸಿ, ಒಂದು ಸ್ಟೂಲು ಹಾಕಿ ಕೂರಿಸ್ತೀವಿ. ಪೆಟ್ಟಿಗೆ ಹಲಗೇಲಿ ನಾವೇ ಮಾಡಿದ ಸ್ಟೂಲು. ಸೂಪರ್‌ವೈಸರ್ ಕಂಡೂ ಕಾಣದ ಹಾಗೆ ಹೋಗ್ತಾರೆ."

ಜಿಗಣೆ ಹಣೆ ಚಚ್ಚಿಕೊಂಡ. ಯಾವ ಬೀರುವನ್ನೂ ಒಡೆಯಬೇಕಾಗಿರಲಿಲ್ಲ, ಯಾರ ಬಾಯನ್ನೂ ಬಿಡಿಸಬೇಕಾಗಿರಲಿಲ್ಲ. ಯಾರಿಗೆ ಕಾಯಿಲೆ ಎಂದು ಈ ಜನ ಪ್ರೀತಿಯಿಂದ ತಾವೇ ಸ್ಟೂಲು ಹಾಕಿ ತೋರಿಸಿಬಿಟ್ಟಿದ್ದರು. ಒಮ್ಮೆ ಒಳಗೆ ಕಣ್ಣು ಹಾಯಿಸಿದರೆ ಸಾಕಿತ್ತು.

"ಮತ್ತೆ ನೀವು?"

"ನಾನು ಒಂದೇ ಒಂದು ದಿನ ಕೂತೆ. ಬಾಯ್ಲರ್ ಸೋರಿತ್ತಲ್ಲ, ಅವತ್ತು. ಸೋಪಿನ ನೀರಲ್ಲಿ ಜಾರಿ ಪಾದ ಉಳುಕಿಸ್ಕೊಂಡೆ. ಬೇಡ ಬೇಡ ಅಂದ್ರೂ ಸ್ಟೂಲು ಹಾಕಿ ಕೂರಿಸಿಬಿಟ್ರು. ಮಾರನೇ ದಿನ ಕುಣಿಯೋ ಹಾಗೆ ಆದೆ."

ಹಾಗಾದರೆ ನೋಡಿದವರು ನೋಡಿದ್ದು ಆ ಒಂದು ದಿನ ಮಾತ್ರ. ಅವತ್ತು ಕೂತವರೆಲ್ಲ ರೋಗಿಗಳು ಎಂದು ತಿಳಿದವರು ಹೊರಗಿನವರೇ. ಆದರೆ ಹೊರಗಿನ ಕಾಲು ಒಳಗೆ ಬೀಳುವಂತಿಲ್ಲ! ಬಿಡಿಸಿದಷ್ಟೂ ಸಿಕ್ಕಾಗುವ ಈ ಗಂಟನ್ನು ಎತ್ತಿ ಬಿಸಾಡಿ ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು ಜಿಗಣೆಗೆ.

ಉಳಿದ ಎಂಟು ಜನರನ್ನು ಕರೆತರುತ್ತೇನೆಂದು ಗಟ್ಟಿಗಿತ್ತಿ ಎದ್ದು ಹೋದಳು. ಊಟದ ಗಂಟೆ ಹೊಡೆಯಿತು. ಗೇಟಿನಿಂದ ಹೊರಬಂದವರ ನಡುವೆ, ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವ ಜಿಗಣೆಯ ಅಕ್ಕ ನಿಧಾನವಾಗಿ ನಡೆದು ಬರುತ್ತಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅಮ್ಮ ಹೋದ ಮೇಲೆ ಜಿಗಣೆಯನ್ನು ಸಾಕಿದವಳು ಅವಳು. ಅವಳ ಹೃದಯದ ಕವಾಟವೊಂದು ಕೆಟ್ಟಿತ್ತು. ಆಪರೇಶನ್ ಆಗದಿದ್ದರೆ ಈ ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಳೆಯ ವಿಮೆಯಲ್ಲಿ ಅದಕ್ಕೆ ಅರ್ಧ ಖರ್ಚೂ ಸಿಗುತ್ತಿರಲಿಲ್ಲ, ಹೊಸದರಲ್ಲಿ ಪೂರ್ತಿ ಸಿಗುತ್ತದೆ. ಉಳಿದದ್ದನ್ನು ಹೊಂದಿಸುವ ಶಕ್ತಿ ಅಕ್ಕನಿಗೂ ಇರಲಿಲ್ಲ, ತಮ್ಮನಿಗೂ ಇರಲಿಲ್ಲ.

ಆಪರೇಶನ್ನಿನ ಖರ್ಚಿಗೆ ವಿಮೆಯವರ ಒಪ್ಪಿಗೆಯೂ ಬಂದಿತ್ತು, ಅದೂ ಅರ್ಜಿ ಹಾಕಿದ ಮಾರನೆಯ ದಿನವೇ. ಅಷ್ಟು ವರ್ಷ ವಿಮಾ ಕಂಪನಿಯಲ್ಲಿ ದುಡಿದವನು ಜಿಗಣೆ. ಅಷ್ಟು ಬೇಗ ಬಂದ ಒಪ್ಪಿಗೆಯನ್ನು ಎಂದೂ ಕಂಡವನಲ್ಲ. ಮೊದಲ ಬಾರಿಗೆ ದೇವರು ಕಣ್ಣು ಬಿಟ್ಟ ಎಂದುಕೊಂಡು ಸುಮ್ಮನಾಗಿದ್ದ.

"ಯಜಮಾನ್ರ ಹತ್ರ ಜಗಳ ಆಡಿದೆಯಂತೆ?" ಅಕ್ಕ ಬಂದವಳೇ ದಬಾಯಿಸಿದಳು. "ಬೇಡ ಕಣೋ. ಬಿಟ್ಬಿಡು ಇದನ್ನ."

"ಒಂಬತ್ತು ಜನರ ಹೊಟ್ಟೆ ಪಾಡು ಅಕ್ಕ."

"ಗೊತ್ತು. ನನಗೆ ಹೇಳಿಕೊಡ್ತೀಯಾ? ಅವರ ಜೊತೆ ಕೆಲಸ ಮಾಡಿದವಳು ನಾನು." ಅವಳು ಅವನ ತೋಳು ಹಿಡಿದಳು. "ನೀನು ಎಳೆದಾಡಿ ಎಳೆದಾಡಿ ಈ ವಿಮೇನೇ ರದ್ದಾದ್ರೆ ನನ್ನ ಗತಿ ಏನು, ಯೋಚಿಸಿದೀಯಾ?"

ಯೋಚಿಸದೆ ಇರುತ್ತಾನೆಯೇ? ದಿನಾ ಅದನ್ನೇ ಯೋಚಿಸುತ್ತಿದ್ದ. ಕಳ್ಳ ಸಿಕ್ಕಿದರೆ ಅಗ್ಗದ ವಿಮೆ ಉಳಿಯುವುದಿಲ್ಲ, ಸಿಗದಿದ್ದರೆ ಒಂಬತ್ತು ಜನ ಬೀದಿಯಲ್ಲಿ ನಿಲ್ಲುತ್ತಾರೆ. ಇದಕ್ಕಿಂತ ಹಾಳು ಕೇಸು ಅವನ ಕೈಗೆ ಬಂದಿರಲಿಲ್ಲ.

"ನೀನ್ಯಾಕೆ ಒಂದು ದಿನಾನೂ ಸ್ಟೂಲಲ್ಲಿ ಕೂರಲಿಲ್ಲ?" ಎಂದು ಕೇಳಿದ.

ಅಕ್ಕ ಸಟ್ಟನೆ ಅವನ ಮುಖ ನೋಡಿದಳು. "ಸ್ಟೂಲಿನ ವಿಷಯ ನಿನಗೆ ಯಾರು ಹೇಳಿದ್ರು?"

"ಯಾರೋ. ನೀನ್ಯಾಕೆ ಕೂರಲಿಲ್ಲ?"

"ಒಬ್ಬರ ಹತ್ರ ಅಯ್ಯೋ ಪಾಪ ಅನ್ನಿಸ್ಕೊಂಡು ಬದುಕೋಳಲ್ಲ ನಾನು. ನಂಗೆ ಎದೆನೋವಿದೆ ಅಂತ ನಿನ್ನ ಬಿಟ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಅವಳ ಅಂಗೈಯ ಹಳೆಯ ಸುಟ್ಟ ಕಲೆ ಕಣ್ಣಿಗೆ ಬಿತ್ತು. ಜಿಗಣೆಯ ಮನಸ್ಸು ಕರಗಿತು. "ಇಸ್ತ್ರಿ ಮೆಷಿನ್ನಿನ ಹಿಡಿ ಇನ್ನೂ ಸುಡುತ್ತಾ?"

"ಇಲ್ಲ. ನಿನ್ನ ಮೊಲ ಇದೆಯಲ್ಲ," ಎಂದು ಅವಳು ನಕ್ಕಳು.

ಒಂದು ಭಾನುವಾರ ಅವಳು ಆ ಹಿಡಿಯನ್ನು ಬಿಚ್ಚಿ ಮನೆಗೆ ತಂದಿದ್ದಳು. ಅಮ್ಮನ ಹಳೆಯ ಹೂವಿನ ಹೊದಿಕೆಯ ಚೂರನ್ನು ಜಿಗಣೆ ಅದಕ್ಕೆ ದಪ್ಪಗೆ ಸುತ್ತಿ ಗಂಟು ಹಾಕಿದ್ದ. ಗಂಟಿನ ಎರಡು ತುದಿಗಳು ಮೊಲದ ಕಿವಿಯ ಹಾಗೆ ಮೇಲಕ್ಕೆ ನಿಂತಿದ್ದವು. ಪತ್ತೇದಾರನಿಗೆ ಗಂಟು ಹಾಕೋಕೂ ಬರಲ್ಲ ಎಂದು ಅಕ್ಕ ಅವತ್ತೆಲ್ಲ ಆಡಿಕೊಂಡು ನಕ್ಕಿದ್ದಳು.

"ಬಿಟ್ಬಿಡ್ತೀಯಾ ತಾನೇ?" ಎಂದಳು ಹೋಗುವಾಗ.

"ಇವತ್ತೊಂದು ದಿನ ಅಕ್ಕ," ಎಂದ ಜಿಗಣೆ.

ಏಜೆಂಟಿನ ಕಚೇರಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. "ಸಾರ್ ಮೀಟಿಂಗ್‌ನಲ್ಲಿದ್ದಾರೆ," ಎಂದಳು ಮುಂದಿನ ಮೇಜಿನ ಹುಡುಗಿ. ಒಳಗಿನಿಂದ ಸಾರು ಫೋನಿನಲ್ಲಿ ಹಾಹಾ ಎಂದು ನಗುವುದು ಕೇಳಿಸುತ್ತಿತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ಒಂದು ಸಂಸಾರ ಹಲ್ಲು ಬಿಟ್ಟುಕೊಂಡು ನಿಂತಿತ್ತು. ಹುಟ್ಟಿದಾಗಿನಿಂದ ಒಂದು ಸೀನೂ ಸೀನದವರ ಹಾಗಿದ್ದರು ಎಲ್ಲರೂ. ಆ ಹಲ್ಲುಗಳನ್ನು ನೋಡಿ ನೋಡಿ ಸಾಕಾಗಿ ಜಿಗಣೆ ಬಾಗಿಲು ತಳ್ಳಿಕೊಂಡು ಒಳಗೆ ಹೋದ.

ಅತ್ತರಿನ ವಾಸನೆ ಮೂಗಿಗೆ ಬಡಿಯಿತು. ಅದಕ್ಕೇ ಲಾಂಡ್ರಿಯವರು ಇವನನ್ನು ಅತ್ತರು ಎಂದೇ ಕರೆಯುತ್ತಿದ್ದರು.

"ಓಹೋ, ಜಿಗಣೆ ಸಾಹೇಬ್ರು! ಇವತ್ತು ಯಾರ ರಕ್ತ?"

"ನಿಮ್ಮದೇ. ಬಾಯ್ಲರ್ ಸೋರಿದ ದಿನ ನೀವು ಲಾಂಡ್ರಿ ಒಳಗೆ ನುಗ್ಗಿದ್ರಿ."

"ನಾನಾ? ನಿಮಗೆಲ್ಲೋ ತಲೆ ಕೆಟ್ಟಿದೆ."

"ಆಸ್ಪತ್ರೆ ಬಟ್ಟೆ ಇರೋ ಜಾಗ. ಹೊರಗಿನವರು ಹೋಗೋ ಹಾಗಿಲ್ಲ. ಸ್ಟೂಲಲ್ಲಿ ಯಾರ್ಯಾರು ಕೂತಿದ್ದಾರೆ ನೋಡಿಕೊಂಡು ಬಂದ್ರಿ. ಆಸ್ಪತ್ರೆಗೆ ಒಂದು ಫೋನ್ ಮಾಡ್ತೀನಿ. ಅವರು ಗುತ್ತಿಗೆ ಕಿತ್ಕೊಳ್ತಾರೆ, ಲಾಂಡ್ರಿ ಬಾಗಿಲು ಹಾಕುತ್ತೆ, ನಿಮ್ಮ ನಾನೂರರ ವಿಮೇನೂ ಅದರ ಜೊತೆ ಹೋಗುತ್ತೆ."

ಬರೀ ಬೆದರಿಕೆ. ಏಜೆಂಟ್ ಒಳಗೆ ಹೋಗಿಲ್ಲವೆಂದು ಜಿಗಣೆಗೆ ಗೊತ್ತಿತ್ತು. ಆದರೆ ಬೇರೆ ದಾರಿಯೂ ಕಾಣಿಸಿರಲಿಲ್ಲ.

"ನಾನು ಹೊಸ್ತಿಲು ದಾಟಿಲ್ಲ ಅಂತೀನಿ!" ಅತ್ತರಿನ ಕುತ್ತಿಗೆ ಕೆಂಪಾಯಿತು.

"ಗೇಟಿನವನು ನೋಡಿದ್ದಾನೆ."

"ಸುಳ್ಳು!"

"ಒಳಗೆ ಹೋಗದೆ ಒಂಬತ್ತು ಜನರ ಹೆಸರು ನಿಮಗೆ ಕನಸಲ್ಲಿ ಬಂತಾ? ಅದರಲ್ಲೂ ಆರೋಗ್ಯವಾಗಿರೋ ಒಬ್ಬ ಹೆಂಗಸನ್ನ ಸೇರಿಸಿ ಮನೆಗೆ ಕಳಿಸಿದ್ರಲ್ಲ, ಅದೂ ಕನಸಾ?"

ಅತ್ತರು ಎದ್ದು ನಿಂತ. ಇಂಥವರಿಗೆ ಕಳ್ಳ ಎಂದರೆ ಕೋಪ ಬರುವುದಿಲ್ಲ, ದಡ್ಡ ಎಂದರೆ ಮೈಯೆಲ್ಲ ಉರಿಯುತ್ತದೆ. ಜೇಬಿನಿಂದ ಫೋನು ತೆಗೆದು, ಬೆರಳಿನಿಂದ ಸರಸರ ತಳ್ಳಿ, ಜಿಗಣೆಯ ಮೂಗಿಗೆ ಹಿಡಿದ.

"ನೋಡ್ಕೊಳ್ಳಿ. ನನಗೆ ಬಂದ ಫೋಟೋ ಇದು. ಜನ ಕೆಲಸ ಮಾಡ್ತಿರೋ ಫೋಟೋ. ಇದನ್ನ ನೋಡೋದು ಯಾವ ಕಾನೂನಲ್ಲಿ ತಪ್ಪು? ಕೂತವರ ಸುತ್ತ ಒಂದೊಂದು ಕೆಂಪು ಸುತ್ತು ಹಾಕಿದೆ, ಸೂಪರ್‌ವೈಸರ್ ಹತ್ರ ಹೆಸರು ಕೇಳಿದೆ. ಅಷ್ಟೇ."

ಜಿಗಣೆ ಫೋನನ್ನು ಕೈಗೆ ತೆಗೆದುಕೊಂಡ. ಉದ್ದನೆಯ ಮೇಜು, ಅದರ ಮೇಲೆ ಬಿಳಿ ಹಾಸುಗಳ ರಾಶಿ, ಸ್ಟೂಲುಗಳ ಮೇಲೆ ತಲೆ ತಗ್ಗಿಸಿ ಬಟ್ಟೆ ಮಡಿಸುತ್ತಿರುವ ಎಂಟು ಜನ. ಕೊನೆಯಲ್ಲಿ ಗಟ್ಟಿಗಿತ್ತಿ, ಕವುಚಿ ಹಾಕಿದ ಬಕೀಟಿನ ಮೇಲೆ ಪಾದ ಇಟ್ಟುಕೊಂಡು, ಬಾಯಿ ತುಂಬ ನಗುತ್ತಿದ್ದಳು. ಅವಳ ಸುತ್ತಲೂ ಕೆಂಪು ಗೆರೆ ಇತ್ತು.

ಸಿಕ್ಕಿತು! ಇನ್ನು ಫೋಟೋ ಎಲ್ಲಿ ನಿಂತು ತೆಗೆದದ್ದು ಎಂದು ತಿಳಿದರೆ ಸಾಕು. ಜಿಗಣೆ ಚಿತ್ರವನ್ನು ಹಿಗ್ಗಿಸಿ ಅಂಚಿನಿಂದ ಅಂಚಿಗೆ ನೋಡುತ್ತಾ ಬಂದ.

ಕೆಳಗಿನ ಮೂಲೆಯಲ್ಲಿ, ತೆಗೆದವರ ಕೈಗೆ ತೀರಾ ಹತ್ತಿರ, ಒಂದು ಇಸ್ತ್ರಿ ಮೆಷಿನ್ನಿನ ಹಿಡಿ ಮಸುಕಾಗಿ ಕಾಣುತ್ತಿತ್ತು. ಅದಕ್ಕೆ ಸುತ್ತಿದ ಹೂವಿನ ಬಟ್ಟೆಯ ಗಂಟಿನಿಂದ ಎರಡು ಕಿವಿಗಳು ಮೇಲೆದ್ದಿದ್ದವು.

ಜಿಗಣೆ ಅದನ್ನು ಇನ್ನೂ ಹಿಗ್ಗಿಸಿದ. ಅಮ್ಮನ ಹೊದಿಕೆಯ ಹೂವೇ.

"ತೆಗೆದಿದ್ದು ಒಳಗಿನ ಹೆಂಗಸೇ," ಅತ್ತರು ಗೆದ್ದವನ ಹಾಗೆ ಕೂತುಕೊಂಡ. "ದುಡ್ಡು ಕೊಡ್ತೀನಿ ಅಂದ್ರೆ ಮುಟ್ಟಲಿಲ್ಲ, ಸ್ವಾಭಿಮಾನಿ. ಬೇಗ ಆಗಬೇಕಾದ ಒಂದು ಕೆಲಸ ಇತ್ತು ಅವಳಿಗೆ, ಅದನ್ನ ಮಾಡಿಸಿಕೊಟ್ಟೆ. ಅವಳ ಹೆಸರು ಹೇಳ್ಲಾ?"

"ಬೇಡ."

"ಅಲ್ಲಾ ರೀ, ಇಷ್ಟು ದಿನ ಅದಕ್ಕೇ ತಾನೇ ಅಲೆದಿದ್ದು?"

"ಬೇಡ ಅಂದೆ!"

ಫೋನನ್ನು ಮೇಜಿನ ಮೇಲಿಟ್ಟು ಜಿಗಣೆ ಹೊರಗೆ ಬಂದ. ಹೇಗೆ ಬಂದ, ಹುಡುಗಿ ಏನೆಂದಳು, ಒಂದೂ ಅವನಿಗೆ ತಿಳಿಯಲಿಲ್ಲ. ಊರಿನವರ ಸುಳ್ಳನ್ನೆಲ್ಲ ಮೂಸಿ ಹಿಡಿಯುತ್ತಿದ್ದವನು ತನ್ನ ಮನೆಗೆ ಮಾರನೆಯ ದಿನವೇ ಬಂದ ಒಪ್ಪಿಗೆಯನ್ನು ಮಾತ್ರ ಯಾಕೆಂದು ಕೇಳಿರಲಿಲ್ಲ. ಅಕ್ಕನ ಮೇಲೆ ಕೋಪ ಉಕ್ಕಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಅಸಹ್ಯವಾಯಿತು.

ಅವನು ಇಲ್ಲಿಗೆ ಬಂದನೆಂದು ಟೀ ಅಂಗಡಿಯವನಿಂದ ತಿಳಿದು ಗಟ್ಟಿಗಿತ್ತಿ ಮೆಟ್ಟಿಲ ಬುಡದಲ್ಲಿ ಕಾದಿದ್ದಳು. ಅವಳ ಹಿಂದೆ, ಕೆಲಸ ಹೋದ ಉಳಿದ ಎಂಟು ಜನರೂ ಚಪ್ಪಲಿ ಅಂಗಡಿಯ ನೆರಳಿನಲ್ಲಿ ನಿಂತಿದ್ದರು.

"ಸಿಕ್ಕಿದ್ನಾ ಕಳ್ಳ?"

ಜಿಗಣೆ ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀಯೋ?" ಅಕ್ಕನ ದನಿಯಲ್ಲಿ ಎಷ್ಟೋ ದಿನದ ಮೇಲೆ ಖುಷಿ ಇತ್ತು. "ಆಸ್ಪತ್ರೆಯಿಂದ ಫೋನ್ ಬಂದಿತ್ತು. ಆಪರೇಶನ್ ನಾಳೆ ಬೆಳಿಗ್ಗೇನೇ ಮಾಡ್ತಾರಂತೆ. ಮನೆಯವರ ಸಹಿ ಬೇಕಂತೆ ಕಣೋ, ನೀನು ತಾನೇ ನನ್ನ ಮನೆಯವನು. ಬೇಗ ಬಾ."

ಜಿಗಣೆ ಫೋನನ್ನು ಕಿವಿಯಿಂದ ಇಳಿಸಿದ.

"ಯಾರು, ಅಕ್ಕನಾ?" ಗಟ್ಟಿಗಿತ್ತಿಯ ಮುಖ ಅರಳಿತು. ಅವಳು ಫೋನಿಗೆ ಕೈ ಚಾಚಿದಳು. "ಕೊಡಿ ಇಲ್ಲಿ, ನಾನೂ ಎರಡು ಮಾತಾಡ್ತೀನಿ. ಅವತ್ತು ನಾನು ಜಾರಿ ಬಿದ್ದಾಗ ಓಡಿ ಬಂದು, ಸ್ಟೂಲು ತಂದು ಹಾಕಿ, ನನ್ನ ಎತ್ತಿ ಕೂರಿಸಿದ್ದೇ ಅವಳು."